ಬೇಸಿಗೆಯ ಭೌತಶಾಸ್ತ್ರ ಶಿಬಿರ: ನಮ್ಮ ಮಕ್ಕಳಿಗೆ ಯಾವುದನ್ನು ಆರಿಸೋಣ?

(ಗೋವೆಯಲ್ಲಿ ನೆಲೆಸಿರುವ ಕನ್ನಡ ಕಾರ್ಮಿಕ ಕುಟುಂಬಗಳ ಪಾಲಕರ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲಾ ದುಡಿದು, ಸಿಕ್ಕ ಒಂದು ದಿನದ ಬಿಡುವಿನಲ್ಲಿ ಇಲ್ಲಿಗೆ ಬಂದು ಕುಳಿತಿದ್ದೀರಿ. ಆದ್ದರಿಂದ ನಿಮ್ಮ ಸಮಯವನ್ನು ವ್ಯರ್ಥಮಾಡದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಬೈನಾ, ಸಡಾ, ಝುವಾರಿನಗರ ಈ ಭಾಗಗಳಲ್ಲಿರುವ ನಮ್ಮ ಮನೆಗಳಲ್ಲಿ ಈಗ ಹೈಸ್ಕೂಲು ಓದುವ ಮಕ್ಕಳಿದ್ದಾರೆ. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳಿಂದ ಗೋವೆಗೆ ಬಂದ ತಂದೆತಾಯಿಗಳಲ್ಲಿ ಅನೇಕರು ಹೈಸ್ಕೂಲಿನ ಬಾಗಿಲನ್ನು ಕಂಡವರಲ್ಲ. ಇಂಥ ಮನೆಯ ಮಗನೋ ಮಗಳೋ ಒಂದು ದಿನ ಬಂದು, ಅಪ್ಪಾ, ರಜೆಯಲ್ಲಿ ಫಿಜಿಕ್ಸ್ ಶಿಬಿರ ಇದೆಯಂತೆ, ನಾನು ಹೋಗಲೇ ಎಂದು ಕೇಳಿದರೆ ಏನು ಹೇಳಬೇಕು? ಹೋಗು ಎಂದರೆ ಖರ್ಚು. ಬೇಡವೆಂದರೆ ಮಗುವಿನ ಮುಖ ಸಪ್ಪಗಾಗುತ್ತದೆ. ಪಾಲಕರಲ್ಲಿ ಹಲವರು ಈ ಪ್ರಶ್ನೆಯನ್ನು ನಮ್ಮ ಸಮಿತಿಯ ಮುಂದೆ ತಂದದ್ದರಿಂದ, ವಿಚಾರಿಸಿ ತಿಳಿದುಕೊಂಡದ್ದನ್ನು ಈ ಕೂಟದ ಮುಂದೆ ಇಡುತ್ತಿದ್ದೇವೆ.

ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಹಾಕುವ ದೃಷ್ಟಾಂತವನ್ನು ನಮ್ಮ ಕರ್ತನು ಹೇಳಿದ್ದಾನೆ. ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಕಟ್ಟಡದ ಕೆಲಸದವರಾದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಪಾಯ ಹಾಕಿ ನಿಂತುಹೋದ ಎಷ್ಟು ಮನೆಗಳನ್ನು ನಾವು ನೋಡಿಲ್ಲ! ಮಕ್ಕಳ ವಿದ್ಯೆಯಲ್ಲಿಯೂ ಲೆಕ್ಕ ಬೇಕು. ಆದರೆ ಆ ಲೆಕ್ಕದಲ್ಲಿ ರೂಪಾಯಿ ಒಂದೇ ಬರುವುದಿಲ್ಲ.

ಮೊದಲು, ಭೌತಶಾಸ್ತ್ರವೆಂದರೆ ದೊಡ್ಡವರ ಮನೆಯ ಮಕ್ಕಳ ವಿದ್ಯೆ ಎಂಬ ಭಯವನ್ನು ಬಿಟ್ಟುಬಿಡೋಣ. ಗೋಡೆಯ ನೇರ ನೋಡಲು ಗೌಂಡಿಯು ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಡುತ್ತಾನೆ. ಭೂಮಿಯ ಆಕರ್ಷಣೆ ಅವನ ಕೈಯಲ್ಲಿ ದಿನವೂ ಕೆಲಸಮಾಡುತ್ತಿದೆ. ನೀರು ತುಂಬಿದ ಪೈಪು ಹಿಡಿದು ಎರಡು ಕಂಬಗಳ ಮಟ್ಟ ನೋಡುತ್ತೇವೆ. ಪೈಪು ಎಷ್ಟು ಡೊಂಕಾಗಿದ್ದರೂ ಎರಡು ಬಾಯಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟ ಏರುವಾಗ ಹೆಚ್ಚಿನ ಎಂಜಿನ್‌ಗಳನ್ನು ಜೋಡಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಪ್ರತಿ 37 ಮೀಟರ್ ದಾರಿಗೆ 1 ಮೀಟರಿನಂತೆ ಏರು ಇದೆ. ಇದೆಲ್ಲಾ ಭೌತಶಾಸ್ತ್ರವೇ. ನಮ್ಮ ಮಕ್ಕಳು ಅದರ ನಡುವೆಯೇ ಬೆಳೆಯುತ್ತಿದ್ದಾರೆ. ಹೆಸರು ಮಾತ್ರ ಅವರಿಗೆ ಗೊತ್ತಿಲ್ಲ.

ಈ ವಿದ್ಯೆಗೂ ದುಡಿಯುವವರ ಪ್ರಾಣಕ್ಕೂ ಇರುವ ಸಂಬಂಧಕ್ಕೆ ಒಂದು ನಿದರ್ಶನವು ನಮ್ಮ ಮುರಗಾಂವ್ ಬಂದರದಲ್ಲಿಯೇ ಉಂಟು. ದೊಡ್ಡ ಹಡಗುಗಳ ಪಕ್ಕದಲ್ಲಿ ಒಂದು ವೃತ್ತವನ್ನೂ ಅದರ ನಡುವೆ ಹಾಯುವ ಅಡ್ಡಗೆರೆಯನ್ನೂ ಬಳಿದಿರುತ್ತಾರೆ. ಸರಕು ತುಂಬಿದಂತೆ ಹಡಗು ಕೆಳಗಿಳಿಯುತ್ತದೆ. ನೀರು ಆ ಗೆರೆಯನ್ನು ದಾಟಿದರೆ ಹಡಗಿನ ಮೇಲೆ ಮಿತಿಮೀರಿದ ಭಾರ ಬಿದ್ದಿದೆ ಎಂದು ಅರ್ಥ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮಾಲೀಕರು ಹಳೆಯ ಹಡಗುಗಳಿಗೆ ಮನಸ್ಸಿಗೆ ಬಂದಷ್ಟು ಭಾರ ತುಂಬಿ ಸಮುದ್ರಕ್ಕೆ ಬಿಡುತ್ತಿದ್ದರು. ಹಡಗು ಮುಳುಗಿದರೆ ಅವರಿಗೆ ವಿಮೆಯ ಹಣ ಬರುತ್ತಿತ್ತು. ನಾವಿಕರ ಹೆಂಡತಿಮಕ್ಕಳು ದಿಕ್ಕಿಲ್ಲದವರಾಗುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯನಾಗಿದ್ದ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಎಂಬವನು ಇದರ ವಿರುದ್ಧ ಹೋರಾಡಿದನು. 1876ರಲ್ಲಿ ಗೆರೆ ಹಾಕಲೇಬೇಕೆಂಬ ಕಾನೂನು ಬಂತು. ಆದರೆ ಗೆರೆ ಎಲ್ಲಿರಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿದ್ದರು. 1890ರ ದಶಕದಲ್ಲಿ ಆ ಅಧಿಕಾರ ಸರ್ಕಾರಕ್ಕೆ ಬಂದ ಮೇಲೆಯೇ ಗೆರೆಗೆ ಬೆಲೆ ಬಂತು. ನೀರಿನಲ್ಲಿ ವಸ್ತು ಏಕೆ ತೇಲುತ್ತದೆ ಎಂಬ ಪಾಠ ನಮ್ಮ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿದೆ. ಅದೇ ಪಾಠ ಸಾವಿರಾರು ಕೂಲಿಗಳ ಜೀವ ಉಳಿಸಿತು. ಇದನ್ನು ಕಲಿಯುವ ಮಗು ಅಂಕಕ್ಕಾಗಿ ಮಾತ್ರ ಕಲಿಯುವುದಿಲ್ಲ.

ಗೆರೆಯನ್ನು ಯಾರು ಎಳೆದರು ಎಂಬ ಪ್ರಶ್ನೆಯನ್ನು ನೆನಪಿನಲ್ಲಿಡಿರಿ. ಶಿಬಿರಗಳ ವಿಷಯದಲ್ಲಿಯೂ ಅದನ್ನೇ ಕೇಳಬೇಕಾಗಿದೆ.

ಬೇಸಿಗೆ ಬಂತೆಂದರೆ ಬಣ್ಣದ ಕರಪತ್ರಗಳು ಬರುತ್ತವೆ. ವಿಜ್ಞಾನಿಯಾಗಿರಿ, ಪ್ರಮಾಣಪತ್ರ ಕೊಡುತ್ತೇವೆ, ವಿದೇಶಕ್ಕೆ ಕರೆದೊಯ್ಯುತ್ತೇವೆ ಎಂದೆಲ್ಲಾ ಬರೆದಿರುತ್ತದೆ. ಹಣ ಪಡೆಯುವವನೇ ಕಲಿಸಿ, ಅವನೇ ಪರೀಕ್ಷಿಸಿ, ಅವನೇ ಜಾಣನೆಂದು ಬರೆದುಕೊಟ್ಟರೆ ಆ ಕಾಗದಕ್ಕೆ ಎಷ್ಟು ಬೆಲೆ? ಮಾಲೀಕನೇ ಎಳೆದುಕೊಂಡ ಗೆರೆಗೆ ಎಷ್ಟೋ ಅಷ್ಟೇ. ಆದರೆ ಹಣ ಕೇಳುವ ಶಿಬಿರಗಳೆಲ್ಲಾ ಮೋಸವೆಂದು ನಾವು ಹೇಳುವುದಿಲ್ಲ. ಕಲಿಸುವವನೂ ದುಡಿಯುವವನೇ, ಅವನ ಕೂಲಿ ಅವನಿಗೆ ಸಲ್ಲಬೇಕು. ನಾವು ಹೇಳುವುದಿಷ್ಟೇ: ಹೆಚ್ಚು ಹಣ ತೆಗೆದುಕೊಳ್ಳುವುದು ಹೆಚ್ಚು ಒಳ್ಳೆಯದೆಂದು ನಂಬಬೇಡಿರಿ. ಅಮೆರಿಕದಲ್ಲಿ 1984ರಿಂದ ನಡೆಯುತ್ತಿರುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಾಂತ ಬೇಸಿಗೆ ಶಿಬಿರವು ಆಯ್ಕೆಯಾದ ಹೈಸ್ಕೂಲು ಮಕ್ಕಳಿಂದ ಬೋಧನಾ ಶುಲ್ಕ ಪಡೆಯುವುದಿಲ್ಲ. ನಮ್ಮ ದೇಶದಲ್ಲಿಯೂ ಉತ್ತಮವಾದವುಗಳಲ್ಲಿ ಕೆಲವು ಹಾಗೆಯೇ ಇವೆ.

ಅವುಗಳಲ್ಲಿ ಮೊದಲನೆಯದು ಇಸ್ರೋ ಸಂಸ್ಥೆಯ ಯುವಿಕಾ ಎಂಬ ಕಾರ್ಯಕ್ರಮ. ಇದು 2019ರಲ್ಲಿ ಆರಂಭವಾಯಿತು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಮೇ ತಿಂಗಳಲ್ಲಿ ಸುಮಾರು ಎರಡು ವಾರ ನಡೆಯುತ್ತದೆ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ಮೊದಲಾದ ಸ್ಥಳಗಳಲ್ಲಿ ಮಕ್ಕಳನ್ನು ಇರಿಸಿಕೊಂಡು ಕಲಿಸುತ್ತಾರೆ. ಪ್ರಯಾಣ, ಊಟ, ವಸತಿ ಎಲ್ಲವೂ ಸಂಸ್ಥೆಯ ಖರ್ಚು. ಎಂಟನೆಯ ತರಗತಿಯ ಅಂಕ, ಒಂದು ಸಣ್ಣ ಪರೀಕ್ಷೆ, ವಿಜ್ಞಾನ ಪ್ರದರ್ಶನ, ಆಟೋಟ, ಸ್ಕೌಟು ಮುಂತಾದವುಗಳ ಮೇಲೆ ಆಯ್ಕೆ. ಇದರಲ್ಲಿ ನಮಗೆ ಮುಖ್ಯವಾದ ಒಂದು ಮಾತಿದೆ: ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಕ್ಕಳಿಗೆ ಹೆಚ್ಚಿನ ಅಂಕ ಸಿಗುತ್ತದೆ. ಝುವಾರಿನಗರವು ಸಾಂಕವಾಳ ಪಂಚಾಯಿತಿಗೆ ಸೇರಿದೆ. ಬೈನಾ, ಸಡಾಗಳು ಮುರಗಾಂವ್ ನಗರಪಾಲಿಕೆಗೆ ಸೇರಿವೆ. ಆದಕಾರಣ ನಿಮ್ಮ ಮಗುವಿನ ಶಾಲೆ ಯಾವ ವ್ಯಾಪ್ತಿಯಲ್ಲಿದೆ ಎಂಬುದನ್ನು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಿರಿ. ಅರ್ಜಿಯು ಬೇಸಿಗೆಗೆ ಬಹಳ ಮುಂಚೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುವುದರಿಂದ ಜನವರಿಯಲ್ಲಿಯೇ ಕೇಳಲು ಆರಂಭಿಸಬೇಕು. ಮೇ ತಿಂಗಳಲ್ಲಿ ಎಚ್ಚೆತ್ತರೆ ಪ್ರಯೋಜನವಿಲ್ಲ.

ಎರಡನೆಯದು ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಒಲಿಂಪಿಯಾಡ್ ಶಿಬಿರ. ಈ ಕೇಂದ್ರವು 1974ರಲ್ಲಿ ಸ್ಥಾಪನೆಯಾಯಿತು. ಇಲ್ಲಿಗೆ ನೇರವಾಗಿ ಅರ್ಜಿ ಹಾಕಿ ಹೋಗಲಾಗದು. ಭೌತಶಾಸ್ತ್ರ ಅಧ್ಯಾಪಕರ ಭಾರತೀಯ ಸಂಘವು ನವೆಂಬರ್ ಹೊತ್ತಿಗೆ ದೇಶವ್ಯಾಪಿ ಪರೀಕ್ಷೆ ನಡೆಸುತ್ತದೆ. ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಕಿರಿಯರ ವಿಜ್ಞಾನ ಪರೀಕ್ಷೆ, ದೊಡ್ಡ ಮಕ್ಕಳಿಗೆ ಭೌತಶಾಸ್ತ್ರದ ಪರೀಕ್ಷೆ. ಅದರಲ್ಲಿ ಗೆದ್ದವರಿಗೆ ಇನ್ನೊಂದು ಪರೀಕ್ಷೆ, ಅಲ್ಲಿಯೂ ಗೆದ್ದ ಕೆಲವರಿಗೆ ಮಾತ್ರ ಬೇಸಿಗೆಯಲ್ಲಿ ಶಿಬಿರ. ಶಿಬಿರಕ್ಕೆ ಶುಲ್ಕವಿಲ್ಲ. ಆದರೆ ದಾರಿ ಬಹಳ ಕಠಿಣ. ಮಗುವಿಗೆ ಆಸೆಯಿದ್ದರೆ ಮೊದಲ ಪರೀಕ್ಷೆ ಬರೆಯಲಿ, ಅದರ ಶುಲ್ಕ ದೊಡ್ಡದಲ್ಲ. ಆಯ್ಕೆಯಾಗಲಿಲ್ಲವೆಂದು ಬಯ್ಯಬೇಡಿರಿ. ಆ ಪ್ರಶ್ನೆಗಳ ಜೊತೆಗೆ ಗುದ್ದಾಡಿದ್ದೇ ಒಂದು ಶಿಕ್ಷಣ.

ಮೂರನೆಯದಾಗಿ ಸಮೀಪದಲ್ಲಿರುವವು. ಪಣಜಿಯ ಮಿರಾಮಾರ್‌ನಲ್ಲಿ 2001ರಲ್ಲಿ ಆರಂಭವಾದ ಗೋವಾ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳು ರಜೆಯಲ್ಲಿ ಮಕ್ಕಳಿಗಾಗಿ ಕೈಯಿಂದ ಮಾಡಿ ಕಲಿಯುವ ಸಣ್ಣ ಶಿಬಿರಗಳನ್ನು ನಡೆಸುವುದುಂಟು. ವಾಸ್ಕೋದಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಸಾಯಂಕಾಲ ಮನೆಗೆ ಬರಬಹುದು. ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಬಿಡಲು ಮನಸ್ಸಾಗದ ತಾಯಂದಿರಿಗೆ ಇದು ಒಳ್ಳೆಯ ಮೊದಲ ಹೆಜ್ಜೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವು 1989ರಿಂದ ಇದೆ. ಅಲ್ಲಿಯೂ ಬೇಸಿಗೆಯಲ್ಲಿ ಶಾಲೆಯ ಮಕ್ಕಳಿಗೆ ಕಾರ್ಯಕ್ರಮಗಳಿವೆ, ಅಲ್ಲಿ ಬಂಧುಗಳಿದ್ದವರು ವಿಚಾರಿಸಬಹುದು. ಆದರೆ ಒಂದು ಎಚ್ಚರಿಕೆ. ಕರ್ನಾಟಕದಲ್ಲಿ ಏಪ್ರಿಲ್ ತಿಂಗಳಲ್ಲೇ ರಜೆ. ಗೋವೆಯಲ್ಲಾದರೋ 2025ರಲ್ಲಿ ಹೈಸ್ಕೂಲಿನ ಹೊಸ ವರ್ಷವೇ ಏಪ್ರಿಲ್‌ನಲ್ಲಿ ಆರಂಭವಾಯಿತು, ಬಿಡುವು ಮೇ ತಿಂಗಳಿಗೆ ಹೋಯಿತು. ತಾರೀಖು ನೋಡದೆ ಹಣ ಕಟ್ಟಬೇಡಿರಿ.

ಇನ್ನು ಯಾವುದೇ ಶಿಬಿರವಾಗಲಿ, ಹೆಸರು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು. ಓದುಬರಹ ಬಾರದ ತಂದೆಯೂ ಇವನ್ನು ಕೇಳಬಹುದು. ಕೇಳಲು ನಾಚಿಕೆಪಡಬೇಕಾಗಿಲ್ಲ.

ಒಂದು, ಕಲಿಸುವವರು ಯಾರು? ಅವರು ಭೌತಶಾಸ್ತ್ರ ಓದಿದವರೋ, ಅಥವಾ ಕರಪತ್ರ ಹಂಚುವವರೇ ಪಾಠವನ್ನೂ ಹೇಳುವರೋ?

ಎರಡು, ದಿನದಲ್ಲಿ ಎಷ್ಟು ಹೊತ್ತು ಮಗು ತನ್ನ ಕೈಯಿಂದ ಅಳೆಯುತ್ತದೆ, ಜೋಡಿಸುತ್ತದೆ, ಬಿಚ್ಚುತ್ತದೆ? ಬೆಳಗಿನಿಂದ ಸಂಜೆಯವರೆಗೆ ಪರದೆ ನೋಡುತ್ತಾ ಕೂರುವುದಾದರೆ ಅದಕ್ಕೆ ಊರು ಬಿಟ್ಟು ಹೋಗಬೇಕಾಗಿಲ್ಲ. ಶಿಬಿರವೆಂದು ಹೆಸರಿಟ್ಟು ಪ್ರವೇಶ ಪರೀಕ್ಷೆಯ ಟ್ಯೂಷನ್ ನಡೆಸುವವರೂ ಇದ್ದಾರೆ. ಟ್ಯೂಷನ್ ಬೇಕಾದವರು ಟ್ಯೂಷನ್ ಎಂದು ತಿಳಿದೇ ಸೇರಲಿ.

ಮೂರು, ಭಾಷೆ ಯಾವುದು? ನಮ್ಮ ಮಕ್ಕಳಲ್ಲಿ ಹಲವರು ಕನ್ನಡದಲ್ಲಿ ಪ್ರಾಥಮಿಕ ಶಾಲೆ ಮುಗಿಸಿ ಇಂಗ್ಲಿಷ್ ಹೈಸ್ಕೂಲಿಗೆ ಹೋದವರು. ಉತ್ತರ ಗೊತ್ತಿದ್ದರೂ ಬಾಯಿಬಿಡಲು ಅಂಜುತ್ತಾರೆ. ತಪ್ಪು ಇಂಗ್ಲಿಷಿನಲ್ಲಿ ಕೇಳಿದ ಸರಿಯಾದ ಪ್ರಶ್ನೆಗೆ ನಗದೆ ಉತ್ತರ ಕೊಡುವ ಗುರು ಇದ್ದಾರೆಯೇ? ಹೋಗುವ ಮೊದಲು ಕನ್ನಡದಲ್ಲಿ ಓದಿ ತಿಳಿಯಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಪತ್ರಿಕೆಯಂಥವು ಉಪಯೋಗಕ್ಕೆ ಬರುತ್ತವೆ.

ನಾಲ್ಕು, ಹೆಣ್ಣುಮಕ್ಕಳ ವಸತಿ ಹೇಗೆ? ಹಾಸ್ಟೆಲಿನಲ್ಲಿ ಹೆಂಗಸರು ಮೇಲ್ವಿಚಾರಕರಿದ್ದಾರೆಯೇ? ದಿನಕ್ಕೊಮ್ಮೆ ಮನೆಗೆ ಫೋನು ಮಾಡಲು ಬಿಡುತ್ತಾರೆಯೇ? ಇದಕ್ಕೆ ಸರಿಯಾದ ಉತ್ತರ ಕೊಡದವರ ಬಳಿಗೆ ಮಗಳನ್ನೂ ಕಳುಹಿಸಬೇಡಿರಿ, ಮಗನನ್ನೂ ಕಳುಹಿಸಬೇಡಿರಿ.

ಐದು, ಒಟ್ಟು ಖರ್ಚು ಎಷ್ಟು? ಶುಲ್ಕ, ರೈಲು-ಬಸ್ಸಿನ ಛಾರ್ಜು, ಹಾಸಿಗೆ-ಬಟ್ಟೆ, ಬಿಡಲು ಹೋಗುವ ತಂದೆ ಕಳೆದುಕೊಳ್ಳುವ ಕೂಲಿ, ಇವೆಲ್ಲವನ್ನೂ ಒಂದೇ ಕಾಗದದ ಮೇಲೆ ಬರೆಯಿರಿ. ಆ ಮೊತ್ತಕ್ಕಾಗಿ ಬಡ್ಡಿಗೆ ಸಾಲ ತರಬೇಕಾದರೆ, ತಾಯಿಯ ಕಿವಿಯೋಲೆ ಅಡವಿಡಬೇಕಾದರೆ, ಆ ಶಿಬಿರ ಬೇಡ. ಮಗು ಅಲ್ಲಿ ಕುಳಿತು ಕಲಿಯುವ ಬದಲು ಸಾಲವನ್ನೇ ಎಣಿಸುತ್ತಿರುತ್ತದೆ.

ಆರು, ಶಿಬಿರ ಮುಗಿದ ಮೇಲೆ ಉಳಿಯುವುದೇನು? ಮುಂದೆ ಪ್ರಶ್ನೆ ಬಂದಾಗ ಪತ್ರ ಬರೆಯಲು ಒಬ್ಬ ಅಧ್ಯಾಪಕರ ಪರಿಚಯವಾದರೆ ಅದು ಗೋಡೆಗೆ ತೂಗುಹಾಕುವ ಪ್ರಮಾಣಪತ್ರಕ್ಕಿಂತ ಮೇಲು.

ಪ್ರಿಯರೇ, ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇವೆ. ಮೇ ತಿಂಗಳು ನಮ್ಮ ಮನೆಗಳಲ್ಲಿ ಬಿಡುವಿನ ತಿಂಗಳಲ್ಲ. ಮಳೆ ಬರುವ ಮುಂಚೆ ಛಾವಣಿ ಮುಗಿಸಬೇಕೆಂದು ಕಂತ್ರಾಟುದಾರರು ಅವಸರಿಸುತ್ತಾರೆ. ಜೂನ್ 1ರಿಂದ ಟ್ರಾಲರುಗಳ ಮೀನುಗಾರಿಕೆಗೆ ನಿಷೇಧ ಬರುವುದರಿಂದ ಜೆಟ್ಟಿಯಲ್ಲಿ ದುಡಿಯುವವರಿಗೂ ಮೇ ಕೊನೆಯ ಅವಕಾಶ. ಆಗ ಹದಿನೈದು ವರ್ಷದ ಮಗ ಎರಡು ಕಾಸು ತಂದರೆ ಮನೆಗೆ ಆಧಾರ. ಮಗಳು ತಮ್ಮಂದಿರನ್ನು ನೋಡಿಕೊಂಡರೆ ತಾಯಿ ಕೆಲಸಕ್ಕೆ ಹೋಗಬಹುದು. ಇದು ಆಸೆಬುರುಕತನವಲ್ಲ, ಹೊಟ್ಟೆಯ ಪ್ರಶ್ನೆ. ಇದನ್ನು ತಿಳಿಯದೆ ಉಪದೇಶ ಮಾಡುವುದು ಸುಲಭ. ಆದರೂ ನಿಮ್ಮಲ್ಲಿ ಬೇಡಿಕೊಳ್ಳುತ್ತೇವೆ: ಶಾಲೆಯ ಕೊನೆಯ ಮೂರು ಬೇಸಿಗೆಗಳಲ್ಲಿ ಎರಡು ವಾರಗಳನ್ನಾದರೂ ಮಗುವಿಗೆ ಬಿಟ್ಟುಕೊಡಿರಿ. ಮಗನಿಗೆ ಬಿಟ್ಟಂತೆ ಮಗಳಿಗೂ ಬಿಡಿರಿ. ಆ ಎರಡು ವಾರ ನೆರೆಯವರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಭಾರವನ್ನು ನಮ್ಮ ಕೂಟದ ಸಹೋದರಿಯರು ಸರದಿಯ ಮೇಲೆ ಹೊತ್ತುಕೊಳ್ಳಬಹುದು. ಒಬ್ಬರ ಭಾರವನ್ನು ಒಬ್ಬರು ಹೊರುವುದೆಂದರೆ ಇದೇ ಅಲ್ಲವೇ?

ಇನ್ನೊಂದು ಭಯವನ್ನು ಕೆಲವು ತಂದೆಗಳು ಮೆಲ್ಲಗೆ ಹೇಳುತ್ತಾರೆ: ದೊಡ್ಡವರ ಮಕ್ಕಳ ನಡುವೆ ಇದ್ದು ಬಂದರೆ ನಮ್ಮ ಮಗನಿಗೆ ನಮ್ಮ ಕೆಲಸದ ಬಗ್ಗೆ ನಾಚಿಕೆ ಹುಟ್ಟೀತು. ಕೆಟ್ಟ ಶಿಬಿರದಿಂದ ಹಾಗಾಗಬಹುದು. ಒಳ್ಳೆಯ ಶಿಬಿರದಿಂದ ಬಂದ ಮಗು ತಂದೆಯ ಕೈಯ ತೂಕದ ಗುಂಡನ್ನು ಹೊಸ ಕಣ್ಣಿನಿಂದ ನೋಡುತ್ತದೆ. ನಮ್ಮ ಕರ್ತನು ಬಡಗಿಯ ಮನೆಯಲ್ಲಿ ಬೆಳೆದವನು, ಪೌಲನು ಗುಡಾರ ಹೊಲಿದವನು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಹಾಕಿದ ಜಾರ್ಜ್ ಪ್ಲೆಬ್ಸ್ಟನು ಮಿಶನರಿಯಾಗಿ ಬಂದು ಜೇಡಿಮಣ್ಣಿನ ಗುಣವನ್ನು ಪರೀಕ್ಷಿಸಿದವನು. ಕೈಯ ಕೆಲಸವನ್ನೂ ತಲೆಯ ಕೆಲಸವನ್ನೂ ಬೇರೆಮಾಡುವುದು ನಮ್ಮ ಪರಂಪರೆಯಲ್ಲ. ನಮ್ಮ ನಾಡಿನ ಎಚ್. ನರಸಿಂಹಯ್ಯನವರು ಬಡ ಮನೆಯಲ್ಲಿ ಹುಟ್ಟಿ, ಹೈಸ್ಕೂಲಿಗಾಗಿ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಬಂದು, ಭೌತಶಾಸ್ತ್ರದ ಅಧ್ಯಾಪಕರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ ಯಾರು ಬೇಕಾದರೂ ಬಂದು ಕೇಳುವಂತೆ ಉಪನ್ಯಾಸಗಳನ್ನು ಏರ್ಪಡಿಸಿದರು. ಅವರು ನಮ್ಮ ನಂಬಿಕೆಯವರಲ್ಲ. ಆದರೆ ಬಡ ಮಕ್ಕಳ ಮುಂದೆ ವಿದ್ಯೆಯ ಬಾಗಿಲು ಮುಚ್ಚಬಾರದೆಂಬ ಅವರ ಹಟವನ್ನು ನಾವು ಗೌರವದಿಂದ ನೆನೆಯಬೇಕು.

ಕೊನೆಯದಾಗಿ, ಯಾವ ಶಿಬಿರಕ್ಕೂ ಆಯ್ಕೆಯಾಗದ ಮಗುವಿನ ಮಾತು. ಅಂಥವರೇ ಹೆಚ್ಚು ಮಂದಿ. ಅವರಿಗೂ ಒಂದು ಬೇಸಿಗೆ ಉಂಟು. ದಾರಕ್ಕೆ ಗುಂಡು ಕಟ್ಟಿ, ತೂಗುಬಿಟ್ಟ ಕೊಂಡಿಯಿಂದ ಗುಂಡಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರುವಂತೆ ಮಾಡಿ ಮೆಲ್ಲಗೆ ತೂಗಲಿ. ಹೋಗಿ ಬರಲು ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಗುಂಡಿನ ತೂಕ ಹೆಚ್ಚಿಸಿದರೆ ಏನಾಗುತ್ತದೆ, ದಾರ ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಬರೆದಿಡಲಿ. ಬೈನಾದ ತೀರದಲ್ಲಿ ಒಂದು ಬಂಡೆಗೆ ಗುರುತುಹಾಕಿ, ಭರತ ಎಷ್ಟು ಹೊತ್ತಿಗೆ ಎಷ್ಟು ಏರಿತೆಂದು ಒಂದು ತಿಂಗಳು ನೋಡಲಿ. ದಿನದಿನಕ್ಕೆ ಅದು ಸುಮಾರು ಐವತ್ತು ನಿಮಿಷ ತಡವಾಗುವುದೂ, ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ನೀರು ಹೆಚ್ಚು ಏರುವುದೂ ಅದಕ್ಕೇ ತಿಳಿಯುತ್ತದೆ. ಸಮುದ್ರಕ್ಕೆ ಒಬ್ಬರೇ ಹೋಗದೆ ಇಬ್ಬರು ಮೂವರು ಕೂಡಿ ಹೋಗಲಿ, ದಡದಲ್ಲೇ ನಿಂತು ನೋಡಲಿ.

ಆ ನೋಟುಪುಸ್ತಕವನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ದೋನಾಪಾವ್ಲಾದಲ್ಲಿದೆ. ಅಂಟಾರ್ಕ್ಟಿಕಕ್ಕೆ ವಿಜ್ಞಾನಿಗಳನ್ನು ಕಳುಹಿಸುವ ಧ್ರುವ ಸಂಶೋಧನಾ ಕೇಂದ್ರ ನಮ್ಮ ಸಡಾದಲ್ಲಿಯೇ ಇದೆ. ಬಿಟ್ಸ್ ಪಿಲಾನಿಯ ಗೋವಾ ಕಾಲೇಜು 2004ರಿಂದ ಝುವಾರಿನಗರದಲ್ಲಿದೆ. ಅದರ ಕಾಂಪೌಂಡಿನ ಆಚೆ ಭೌತಶಾಸ್ತ್ರದ ವಿಭಾಗ, ಈಚೆ ನಮ್ಮ ಮನೆಗಳು. ಇವರಲ್ಲಿ ಯಾರಾದರೂ ಒಬ್ಬರು ತಿಂಗಳಿಗೊಂದು ಸಂಜೆ ನಮ್ಮ ಮಕ್ಕಳ ಜೊತೆ ಕುಳಿತರೆ ಅದಕ್ಕಿಂತ ಒಳ್ಳೆಯ ಶಿಬಿರ ಯಾವುದು? ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ, ಸಭಾಪಾಲಕರ ಮೂಲಕ ಪತ್ರ ಬರೆದು ಕೇಳೋಣ. ಬೇಡಿಕೊಳ್ಳದೆ ಯಾರು ಕೊಟ್ಟಾರು? ತಟ್ಟದ ಬಾಗಿಲನ್ನು ಯಾರು ತೆರೆದಾರು?

ಶಿಬಿರದಿಂದ ಮಗು ಮನೆಗೆ ಬಂದ ದಿನ, ಸರ್ಟಿಫಿಕೇಟು ಎಲ್ಲಿ ಎಂದು ಮೊದಲು ಕೇಳಬೇಡಿರಿ. ಏನು ಪ್ರಶ್ನೆ ತಂದಿದ್ದೀಯಾ, ಮಗಾ, ಎಂದು ಕೇಳಿರಿ. ಉತ್ತರ ನಿಮಗೆ ಗೊತ್ತಿರಬೇಕಾಗಿಲ್ಲ. ಕುಳಿತು ಕೇಳಿದರೆ ಸಾಕು. ಅಪ್ಪ ಅವ್ವ ತನ್ನ ಮಾತಿಗೆ ಕಿವಿಗೊಟ್ಟರೆಂಬ ಧೈರ್ಯವೇ ಮುಂದಿನ ತರಗತಿಗೆ ಅದರ ಬುತ್ತಿ.

ದೇವರು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಡದೆ ವೃದ್ಧಿಮಾಡುವ ಮನಸ್ಸನ್ನು ನಮ್ಮ ಮಕ್ಕಳಿಗೂ, ಅದಕ್ಕೆ ಬೇಕಾದ ವಿವೇಕವನ್ನು ನಮಗೂ ಕರ್ತನು ಅನುಗ್ರಹಿಸಲಿ. ಆಮೆನ್.